ಏರ್‌ಪೋರ್ಟ್ ದಾರಿಯಲ್ಲಿ ಒಂದು ಟವಲ್

ನಾನು ಬಸ್ಸಿನ ಕಿಟಕಿಯಿಂದ ಒಳಗೆ ಒಗೆದ ಟವಲ್ ಸೀಟಿನ ಮೇಲೆ ಬೀಳಲಿಲ್ಲ. ಒಬ್ಬನ ಮುಖದ ಮೇಲೆ ಬಿತ್ತು.

"ಯಾವನಲೇ ಅಂವ, ಬೆಂಗಳೂರಾಗ ಟವಲ್ ಒಗ್ಯಾಂವ? ನಮ್ಮ ಕಡಿ ಮಗನೇ ಇರಬೇಕು!"

ಒಳಗಿನಿಂದ ಬಂದ ಈ ಬೈಗುಳ ಕೇಳಿ ನನಗೆ ನಾಚಿಕೆಯಾಗಬೇಕಿತ್ತು. ಖುಷಿಯಾಯಿತು. ಹುಮನಾಬಾದ್ ಬಿಟ್ಟು ಅಷ್ಟು ದೂರ, ಹೆಬ್ಬಾಳದ ಧೂಳಿನಲ್ಲಿ, ನಮ್ಮ ಮಾತಿನಲ್ಲೇ ಬೈಯುವವನೊಬ್ಬ ಸಿಕ್ಕರೆ ನಿಮಗಾದರೂ ಖುಷಿಯಾಗುವುದಿಲ್ಲವೇ?

ಇರಲಿ, ಮೊದಲಿನಿಂದ ಹೇಳುತ್ತೇನೆ.

ನಮ್ಮ ಬೀರಪ್ಪ ಮಾಮಾ, ಅಂದರೆ ನನ್ನ ತಾಯಿಯ ತಮ್ಮ, ಬಸವಕಲ್ಯಾಣ ತಾಲ್ಲೂಕಿನವರು. ಗೋರ್ಟಾ ದಾರಿಯಲ್ಲಿ ಅವರ ಹಳ್ಳಿ. ಕುರಿ ಕಾಯುತ್ತಾರೆ, ಕಂಬಳಿ ನೇಯುತ್ತಾರೆ. ಒಂದು ಕಾಲಕ್ಕೆ ಅವರ ಓಣಿಯ ಎಲ್ಲ ಮನೆಯಲ್ಲೂ ಮಗ್ಗದ ಸಪ್ಪಳ ಇತ್ತು. ಈಗ ಮಾಮಾನ ಮಗ್ಗ ಒಂದೇ ಉಳಿದಿದೆ. ಕರಿ ಉಣ್ಣೆ ಕೊಳ್ಳುವವರಿಲ್ಲ. ಕುರಿಯಿಂದ ಕತ್ತರಿಸಿದ ಉಣ್ಣೆಯನ್ನು ಜನ ಬೇಲಿ ಆಚೆ ಚೆಲ್ಲುತ್ತಾರೆ. ಮದುವೆಯಲ್ಲಿ, ಪೂಜೆಯಲ್ಲಿ ಹಾಸುವುದಕ್ಕೆ ಒಂದು ಕಂಬಳಿ ಬೇಕೇ ಬೇಕು ನಮ್ಮಲ್ಲಿ. ಆದರೆ ಅದನ್ನೂ ಈಗ ಪಕ್ಕದ ಮನೆಯಿಂದ ಇಸಕೊಂಡು ಬರುತ್ತಾರೆ.

ಇಂಥ ಹೊತ್ತಿನಲ್ಲಿ ದಿಲ್ಲಿಯ ಒಂದು ಮೇಳದಲ್ಲಿ ಕಂಬಳಿ ನೇಯ್ದು ತೋರಿಸಿ ಎಂದು ಮಾಮಾನಿಗೆ ಕರೆ ಬಂತು. ವಿಮಾನದ ಟಿಕೆಟ್ ಮೇಳದವರದೇ. ಬೇರೆ ಬೇರೆ ಜಿಲ್ಲೆಯ ನೇಕಾರರನ್ನೆಲ್ಲ ಬೆಂಗಳೂರಿನಲ್ಲಿ ಕೂಡಿಸಿಕೊಂಡು ಹೋಗುತ್ತಾರೆ. (ನಮಗೆ ಹೈದರಾಬಾದ್ ಹತ್ತಿರ ಎಂದು ನನಗೂ ಗೊತ್ತು. ಟಿಕೆಟ್ ಕಳಿಸಿದವರಿಗೆ ಗೊತ್ತಿರಲಿಲ್ಲ.)

"ಇದೊಂದ್ ಸಲ ನೋಡ್ತೀನಪಾ," ಎಂದರು ಮಾಮಾ. "ದಿಲ್ಲಿ ಮಂದಿನೂ ಬ್ಯಾಡ ಅಂದ್ರ ಮಗ್ಗ ಬಿಚ್ಚಿ ಒಲಿಗಿ ಹಾಕ್ತೀನಿ."

ಅವರು ಇದನ್ನು ಸಿಟ್ಟಿನಲ್ಲಿ ಹೇಳಲಿಲ್ಲ. ಚಹಾ ಆರಿಸಿಕೊಳ್ಳುತ್ತ ಹೇಳಿದರು. ಅದಕ್ಕೇ ನನಗೆ ಹೆದರಿಕೆಯಾಯಿತು.

ಅವರನ್ನು ಏರ್‌ಪೋರ್ಟ್ ಬಾಗಿಲಿಗೆ ಮುಟ್ಟಿಸುವ ಕೆಲಸ ನನ್ನದು. ಹುಮನಾಬಾದ್‌ನಲ್ಲಿ ನನ್ನ ಕಿರಾಣಿ ಅಂಗಡಿಗೆ ಒಂದು ದಿನದ ರಜೆ ಹಾಕಿ ರೈಲು ಹತ್ತಿದೆವು. ನಾನು ದೊಡ್ಡ ಮನುಷ್ಯನಂತೆ ಹೇಳಿದ್ದೆ: "ಮಾಮಾ, ಬೆಂಗಳೂರಾಗ ಏರ್‌ಪೋರ್ಟ್ ತನಕ ಮೆಟ್ರೋ ರೈಲು ಮಾಡ್ಯಾರ. ಪೇಪರ್‌ದಾಗ ಓದೀನಿ."

ಓದಿದ್ದು ನಿಜ. 'ಏರ್‌ಪೋರ್ಟ್ ಮೆಟ್ರೋ ಕಾಮಗಾರಿ ಚುರುಕು' ಎಂದಿತ್ತು. (ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದೇ ಮದುವೆಯಾದ ಮೇಲೆ. ತಡವಾಗಿ ಓದಲು ಕಲಿತವನಿಗೆ ದೊಡ್ಡ ಅಕ್ಷರದ ಮೇಲೆ ನಂಬಿಕೆ ಜಾಸ್ತಿ. ಕೆಳಗಿನ ಸಣ್ಣ ಅಕ್ಷರ ಓದುವಷ್ಟರಲ್ಲಿ ಗಿರಾಕಿ ಬಂದಿರಬೇಕು.)

ರೈಲು ತಡವಾಯಿತು. ಸಿಟಿ ಬಸ್ಸಿನಲ್ಲಿ ಹೆಬ್ಬಾಳಕ್ಕೆ ಬಂದು ಇಳಿದಾಗ ಬಿಸಿಲು ಏರಿತ್ತು. ನೋಡಿದರೆ ರಸ್ತೆಯ ಉದ್ದಕ್ಕೂ ಕಂಬಗಳು. ಕಂಬದ ಮೇಲೆ ಸೇತುವೆ. ಸೇತುವೆಯ ಮೇಲೆ ಆಕಾಶ.

ಮಾಮಾ ತಲೆಗೆ ಸುತ್ತಿದ ರುಮಾಲು ಸರಿಮಾಡಿಕೊಂಡು ಮೇಲೆ ನೋಡಿದರು. "ಇಷ್ಟು ಕಂಬಾ ಹುಗದಾರ. ರೈಲು ಎಲ್ಲಿ ಅದಪಾ?"

"ಇನ್ನಾ ಬರಬೇಕು ಮಾಮಾ."

"ನಾವು ಅಲ್ಲಿತನಕ ಇಲ್ಲೇ ಕೂಡೂಣೇನು?"

ನಾನು ಏರ್‌ಪೋರ್ಟ್ ಬಸ್ಸಿನ ಸ್ಟಾಪ್ ಹುಡುಕಿದೆ. ಕೆಲಸ ನಡೆದಿದ್ದರಿಂದ ಸ್ಟಾಪನ್ನು ಎಲ್ಲಿಗೋ ಸರಿಸಿದ್ದರು. ಯಾರನ್ನಾದರೂ ಕೇಳಬಹುದಿತ್ತು. ಆದರೆ ನಮ್ಮ ಕಡೆ ಹಾಗೆಲ್ಲ ಕೇಳುವ ರೂಢಿ ಇದೆಯೇ? ಮನ್ನಾಏಖೇಳ್ಳಿ ಹೈವೇಯಲ್ಲಿ ನಿಂತು ಯಾರಾದರೂ "ಸ್ಟಾಪ್ ಎಲ್ಲಿ" ಎಂದು ಕೇಳಿದ್ದನ್ನು ನೀವು ನೋಡಿದ್ದೀರಾ? ಜನ ಎಲ್ಲಿ ಚೀಲ ಇಟ್ಟುಕೊಂಡು ಕೂತಿದ್ದಾರೋ ಅದೇ ಸ್ಟಾಪ್. ಗಾಡಿ ಬರುತ್ತದೆ, ಕಿಟಕಿಯಿಂದ ಟವಲ್ ಒಗೆಯುತ್ತೇವೆ, ಸೀಟು ನಮ್ಮದು. ಆಮೇಲೆ ನಿಧಾನವಾಗಿ ಬಾಗಿಲಿನಿಂದ ಹತ್ತುತ್ತೇವೆ. ಆ ಟವಲ್ ಎತ್ತಿ ಕೂರುವ ಧೈರ್ಯ ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಯಾರಿಗೂ ಇಲ್ಲ.

ಕಂಬದ ನೆರಳಲ್ಲಿ ಒಂದು ಗುಂಪು ಕೂತಿತ್ತು. ಕೈಯಲ್ಲಿ ಚೀಲ, ಡಬ್ಬಿ. ನಾವೂ ಹೋಗಿ ಕೂತೆವು. ಒಂದು ಹಳೆಯ ಬಸ್ಸು ಬಂತು. "ಏರ್‌ಪೋರ್ಟ್ ಕಡಿಗೇನ್ರಿ?" ಎಂದು ಕೂಗಿದೆ. ಡ್ರೈವರ್ ತಲೆ ಆಡಿಸಿದ. ಟವಲ್ ಒಗೆದೆ. ಮುಂದಿನದು ನಿಮಗೆ ಗೊತ್ತು.

ಟವಲ್ ಬಿದ್ದ ಮುಖದವನ ಹೆಸರು ಗುಂಡಪ್ಪ. ನಲವತ್ತರ ಆಸುಪಾಸು, ಗಟ್ಟಿ ಆಳು. ಹುಲಸೂರಿನವನು. ನನ್ನ ಟವಲನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡು ಮಾಮಾನಿಗೆ ಕಿಟಕಿ ಪಕ್ಕ ಜಾಗ ಬಿಟ್ಟ.

"ಯಾವೂರ್ರಿ ಅಣ್ಣಾರ?"

"ಹುಮನಾಬಾದ್. ಮಾಮಾ ಕಲ್ಯಾಣದವರು."

"ಹೌದ್ರಿ? ಹೊಸ ಮಂದಿ ಏನು? ಯಾವ ಮೇಸ್ತ್ರಿ ಕರಕೊಂಡು ಬಂದಾನ?"

"ಮೇಸ್ತ್ರಿ ಯಾಕ? ನಾನೇ ಕರಕೊಂಡು ಬಂದೀನಿ."

ಗುಂಡಪ್ಪ ಮಾಮಾನ ಬಿಳಿ ಮೀಸೆ ನೋಡಿದ. ನನ್ನ ಮುಖ ನೋಡಿದ. "ಸಿಟ್ಟಿಗಿ ಬರಬ್ಯಾಡ್ರಿ. ಈ ವಯಸ್ಸಿನ್ಯಾಗ ಕಾಕಾನ ಕಡಿಂದ ಕಬ್ಬಣ ಹೊರಸ್ತೀರೇನು? ನಿಮಗ ಕರುಳು ಇಲ್ಲೇನ್ರಿ?"

"ಕಬ್ಬಣ ಯಾಕ ಹೊರಸಲಿ? ವಿಮಾನ ಹತ್ತಸ್ತೀನಿ!"

ಬಸ್ಸೆಲ್ಲ ನಕ್ಕಿತು. ಅಷ್ಟರಲ್ಲಿ ಅದು ಎಡಕ್ಕೆ ತಿರುಗಿ ತಗಡಿನ ಗೇಟಿನೊಳಗೆ ಹೋಗಿ ನಿಂತಿತು. ಗೇಟು ಹಿಂದಿನಿಂದ ಮುಚ್ಚಿಕೊಂಡಿತು. ಸುತ್ತ ಕ್ರೇನು, ಕಬ್ಬಿಣದ ಸರಳಿನ ರಾಶಿ, ಹಳದಿ ಹೆಲ್ಮೆಟ್ಟು. ನಾವು ಹತ್ತಿದ್ದು ಮೆಟ್ರೋ ಕಟ್ಟುವ ಕಾರ್ಮಿಕರ ಗಾಡಿ.

 ಮಾಮಾನ ಕಡೆ ನೋಡುವ ಧೈರ್ಯ ಬರಲಿಲ್ಲ. ಹೊರಗೆ ಹೈವೇಯಲ್ಲಿ ಏರ್‌ಪೋರ್ಟ್ ಬಸ್ಸುಗಳು ಸಾಲಾಗಿ ಓಡುತ್ತಿದ್ದವು. ಒಂದೂ ಅಲ್ಲಿ ನಿಲ್ಲುವುದಿಲ್ಲವಂತೆ. ಮೊಬೈಲಿನಲ್ಲಿ ಟ್ಯಾಕ್ಸಿ ಕರೆದೆ. (ಒಂದೇ ಬೆರಳಿನಲ್ಲಿ. ಅಂಥ ಹೊತ್ತಿನಲ್ಲಿ ಆ ಬೆರಳೂ ತಪ್ಪು ಅಕ್ಷರ ಒತ್ತುತ್ತದೆ.) ಡ್ರೈವರ್ ಫೋನ್ ಮಾಡಿ, "ಸರ್, ನಿಮ್ಮ ಲೊಕೇಶನ್ ಕಂಬದ ಒಳಗೆ ತೋರಿಸ್ತಿದೆ" ಎಂದು ಕ್ಯಾನ್ಸಲ್ ಮಾಡಿದ. ಅತ್ತ ಏರ್‌ಪೋರ್ಟಿನಿಂದ ಮೇಳದವರ ಫೋನಿನ ಮೇಲೆ ಫೋನು. "ಎಲ್ಲಿದ್ದೀರಿ? ಎಲ್ಲರೂ ಬಂದಾಯ್ತು." ಏನು ಹೇಳಲಿ? ಮೆಟ್ರೋ ಸ್ಟೇಶನ್‌ನಲ್ಲಿ ಇದ್ದೇವೆ, ಇನ್ನೂ ಕಟ್ಟುತ್ತಿದ್ದಾರೆ ಎನ್ನಲೇ?

ಮಾಮಾ ಕಂಬಳಿಯ ಗಂಟನ್ನು ಎದೆಗೆ ಅವಚಿಕೊಂಡು ನಿಂತಿದ್ದರು. "ಬಿಡು. ಆಗೂದಿಲ್ಲ ಅಂದ್ರ ಆಗೂದಿಲ್ಲ. ಊರಿಗಿ ಹೋಗೂಣು," ಎಂದರು. ಅದೇ ಚಹಾ ಆರಿಸುವ ದನಿ. ನನಗೆ ಒಲೆ ಕಂಡಿತು.

ಆ ಮಾತು ಗುಂಡಪ್ಪನ ಕಿವಿಗೂ ಬಿತ್ತು. ವಿಷಯ ಏನೆಂದು ಕೇಳಿದ. ಹೇಳಿದೆ. "ನಿಂದ್ರಿ ಇಲ್ಲೇ," ಎಂದವನೇ ಸೂಪರ್‌ವೈಸರ್ ಬಳಿಗೆ ಓಡಿದ. ಸಾಮಾನು ಒಯ್ಯುವ ಒಂದು ಗಾಡಿ ಆಗಲೇ ಏರ್‌ಪೋರ್ಟ್ ಒಳಗಿನ ಸ್ಟೇಶನ್ ಕೆಲಸಕ್ಕೆ ಹೊರಡುವುದಿತ್ತು. ಹಿಂದೆಯೂ ಸೀಟಿರುವ ಗಾಡಿ. ಅದರಲ್ಲಿ ನಮ್ಮನ್ನು ಕೂರಿಸಿ ಎಂದು ಕೇಳಿದ.

ಸೂಪರ್‌ವೈಸರ್ ಹಿಂದಿಯವನು. ಆಗುವುದಿಲ್ಲ ಎಂದ. ಹೊರಗಿನವರಿಗೆ ಸೈಟಿನ ಗಾಡಿ ಇಲ್ಲ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮತ್ತೆ ಮಾಮಾನ ಕಡೆ ನೋಡಿ ಕೇಳಿದ: "ಚಾಚಾ, ಪೆಹಲೀ ಬಾರ್ ಜಾ ರಹೇ ಹೋ?"

ನಮ್ಮ ಮಾಮಾನಿಗೆ ಕನ್ನಡ ಎಷ್ಟು ಬರುತ್ತದೋ ನಮ್ಮ ಕಡೆಯ ದಖನಿ ಉರ್ದುವೂ ಅಷ್ಟೇ ಬರುತ್ತದೆ. "ಪೆಹಲೀ ಬಾರ್ ಸಾಬ್," ಎಂದರು. "ಆಖರೀ ಬಾರ್ ಭೀ ಯಹೀಚ್."

ಮೊದಲ ಸಲವೂ ಇದೇ, ಕೊನೆಯ ಸಲವೂ ಇದೇ. ಸೂಪರ್‌ವೈಸರ್ ಜೇಬಿನಿಂದ ಮೊಬೈಲ್ ತೆಗೆದ. ಯಾರಿಗೋ ಫೋನ್ ಮಾಡಿ ಮಾತಾಡಿದ. ಆಮೇಲೆ ಎರಡು ಹೆಲ್ಮೆಟ್ ತರಿಸಿದ. ಹೆಲ್ಮೆಟ್ ಹಾಕಿಕೊಂಡರೆ ಮಾತ್ರ ಗಾಡಿ. ಜೊತೆಗೆ ಗುಂಡಪ್ಪ ಹೋಗಬೇಕು.

ಈಗ ಹೊಸ ಗಂಡಾಂತರ. ಮಾಮಾ ರುಮಾಲು ತೆಗೆಯಲು ಒಲ್ಲೆ ಎಂದರು.

"ರುಮಾಲು ತಗಿಯೂದು ಮಣ್ಣಿಗಿ ಹೋದಾಗ. ಶುಭಕ್ಕ ಹೊಂಟಾಗ ಯಾರರ ತಗೀತಾರೇನು?"

"ಮಾಮಾ, ವಿಮಾನ ಹೋಗ್ತದ!"

"ಹೋಗ್ಲಿ. ಬೋಡು ತಲೀಲೆ ನಾ ಎಲ್ಲಿಗೂ ಬರಂಗಿಲ್ಲ."

ನಾನು ತಲೆ ಮೇಲೆ ಕೈ ಹೊತ್ತು ಕೂರುವುದೊಂದು ಬಾಕಿ. ಗುಂಡಪ್ಪ ವಾದ ಮಾಡಲಿಲ್ಲ. ಹೆಲ್ಮೆಟ್ಟಿನ ಒಳಗಿನ ಪಟ್ಟಿಯನ್ನು ಪೂರ್ತಿ ಸಡಿಲಿಸಿ, ರುಮಾಲಿನ ಮೇಲೆಯೇ ಮೆಲ್ಲಗೆ ಕೂರಿಸಿ, ಗದ್ದದ ಕೆಳಗೆ ಪಟ್ಟಿ ಬಿಗಿದ. ಸಿಂಬಿಯ ಮೇಲೆ ಕೊಡ ಇಟ್ಟಂತೆ ಆಯಿತು. ಸೂಪರ್‌ವೈಸರ್ ನೋಡಿ ಬೇರೆ ಕಡೆ ಮುಖ ತಿರುಗಿಸಿ ನಕ್ಕ. ಹೋಗಿ ಎಂದು ಕೈಮಾಡಿದ.

ಆ ದಾರಿಯನ್ನು ನಾನು ಮರೆಯುವುದಿಲ್ಲ. ಹೈವೇ ಪಕ್ಕದಲ್ಲಿ, ಸೇತುವೆಯ ನೆರಳಿನಲ್ಲಿ ಗಾಡಿ ಓಡಿತು. ಗುಂಡಪ್ಪ ತನ್ನ ಹೊಲ ತೋರಿಸುವವನ ಹಾಗೆ ತೋರಿಸುತ್ತ ಬಂದ.

"ಇಲ್ಲೀತನಕ ಮ್ಯಾಲ ಎಲ್ಲಾ ಕೂತದ ನೋಡ್ರಿ ಕಾಕಾ. ಹಳಿ ಹಾಕಾಕತ್ತಾರ. ಆ ಸ್ಟೇಶನ್ ಮ್ಯಾಲಿನ ಛತ್ತು ಬಾಕಿ ಅದ. ಅಗಾ ಆ ಕಂಬ ಅದಲ್ರಿ, ಅದರಾಗಿನ ಸರಳು ಕಟ್ಟಿದ್ದು ನಮ್ಮ ಗ್ಯಾಂಗು. ಔರಾದದವರು, ಭಾಲ್ಕಿಯವರು, ಎಲ್ಲಾ ನಮ್ಮ ಕಡೀ ಹುಡುಗರೇ."

"ಸರಳು ಕಾಣವಲ್ಲದಲ್ಲೋ," ಎಂದರು ಮಾಮಾ.

"ಸಿಮೆಂಟ್ ಹಾಕಿಂದ ಹ್ಯಾಂಗ ಕಾಣ್ತದ್ರಿ? ಒಳಗ ಅದ."

ಮಾಮಾ ಕುತ್ತಿಗೆ ಹೊರಳಿಸಿ ಆ ಕಂಬ ಹಿಂದೆ ಸರಿಯುವವರೆಗೂ ನೋಡಿದರು. ಆಮೇಲೆ ಉದ್ದಕ್ಕೆ ಚಾಚಿದ ಸೇತುವೆ ನೋಡಿ ಹೇಳಿದರು: "ಹಾಸು ಆಗ್ಯದ. ಇನ್ನ ಹೊಕ್ಕು ಹಾಕೂದೇ ಬಾಕಿ."

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು ಹಾಸು. ಅಡ್ಡ ಹೋಗುವ ನೂಲು ಹೊಕ್ಕು. ಹೊಕ್ಕು ಬಿದ್ದ ಮೇಲೆಯೇ ಅದು ಕಂಬಳಿ. ರೈಲು ಓಡಾಡಿದ ಮೇಲೆಯೇ ಇದು ದಾರಿ. ಪೇಪರಿನವರು ಬರೆದ ಪ್ರಗತಿಗಿಂತ ನನಗೆ ಇದು ಬೇಗ ತಿಳಿಯಿತು.

ಏರ್‌ಪೋರ್ಟ್ ಒಳಗಿನ ಸೈಟಿನ ಗೇಟಿನಲ್ಲಿ ಇಳಿದೆವು. ಎದುರಿಗೇ ವಿಮಾನ ಹತ್ತುವವರ ಕಟ್ಟಡ. ಮೇಳದ ಹೆಣ್ಣುಮಗಳೊಬ್ಬಳು ಟಿಕೆಟ್ ಹಿಡಿದು ಬಾಗಿಲಲ್ಲಿ ಕೈ ಬೀಸುತ್ತಿದ್ದಳು. ಮಾಮಾ ಹೆಲ್ಮೆಟ್ ಬಿಚ್ಚಿ ಗುಂಡಪ್ಪನಿಗೆ ಕೊಟ್ಟರು. ಚೀಲದಿಂದ ರೊಟ್ಟಿಯ ಬುತ್ತಿ ತೆಗೆದು ಅದನ್ನೂ ಕೊಟ್ಟರು.

"ಕಾಕಾ, ನಿಮಗ ಹಾದಿಗಿ?"

"ನನಗ ವಿಮಾನದಾಗ ಏನರ ಕೊಡ್ತಾರಂತ. ನಿಮ್ಮ ಹುಡುಗರು ತಿನ್ಲಿ. ಶೇಂಗಾ ಹಿಂಡಿ ಅದ, ಖಾರ ಭಾಳ ಅದ ಮತ್ತ."

ಗುಂಡಪ್ಪ ಬುತ್ತಿಯನ್ನು ಮೂಗಿನ ಹತ್ತಿರ ಹಿಡಿದ. 

ಮಾಮಾ ಹೋದರು. ವಿಮಾನವೂ ಹೋಯಿತು, ಮಾಮಾನನ್ನು ಹೊತ್ತುಕೊಂಡೇ ಹೋಯಿತು.

ನಾನು ವಾಪಸ್ ಬರುವಾಗ ಏರ್‌ಪೋರ್ಟ್ ಬಸ್ಸಿನಲ್ಲೇ ಬಂದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಪಕ್ಕದ ಸೀಟಿನವರು ಗೊಣಗಿದರು: "ಈ ಮೆಟ್ರೋ ಕೆಲಸ ಮುಗಿಯೋದೇ ಇಲ್ಲ, ಬರೀ ಧೂಳು." ಬೆಳಿಗ್ಗೆಯಾಗಿದ್ದರೆ ನಾನೂ ಹೌದೆನ್ನುತ್ತಿದ್ದೆ. ಅವರದ್ದೂ ಸುಳ್ಳಲ್ಲ. ಕಾಯುವುದು ಎಂದರೇನು ಎಂದು ಹುಮನಾಬಾದಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮೂರಿಗೆ ರೈಲು ಬರುತ್ತದೆ, ಬರುತ್ತದೆ ಎಂದು ಕೇಳುತ್ತಲೇ ಒಂದು ತಲೆಮಾರು ಮುದಿಯಾಯಿತು, ಆಮೇಲೆ ಬಂತು. ಬಸವಕಲ್ಯಾಣದವರು ಇವತ್ತಿಗೂ ರೈಲು ಹತ್ತಲು ನಮ್ಮೂರಿಗೇ ಬರಬೇಕು. ಆದರೆ ಆ ದಿನ ನನಗೆ ಧೂಳು ಮಾತ್ರ ಕಾಣಲಿಲ್ಲ. ಪ್ರತಿ ಕಂಬ ದಾಟುವಾಗಲೂ ಒಳಗೆ ಸರಳು ಇದೆ, ಅದನ್ನು ಕಟ್ಟಿದವನಿಗೆ ಒಂದು ಊರಿದೆ ಎನಿಸುತ್ತಿತ್ತು. ಮನಸ್ಸಿನಲ್ಲೇ ಕೈಮುಗಿದೆ. (ನಿಜವಾಗಿ ಮುಗಿಯಬಹುದಿತ್ತು. ಪಕ್ಕದವರು ಗಾಬರಿಯಾಗುತ್ತಿದ್ದರು.)

ಮಾಮಾ ದಿಲ್ಲಿಯಿಂದ ಬಂದಿದ್ದಾರೆ. ಕಂಬಳಿಯೆಲ್ಲ ಖಾಲಿ. ದಿಲ್ಲಿಯ ಮಂದಿ ಇನ್ನಷ್ಟು ನೇಯ್ದು ಕಳಿಸಿ ಎಂದಿದ್ದಾರಂತೆ. ಬೇಲಿ ಆಚೆ ಚೆಲ್ಲುವ ಉಣ್ಣೆಯನ್ನು ಮಾಮಾ ಈಗ ಓಣಿಯಲ್ಲೆಲ್ಲ ಕೇಳಿ ಆರಿಸಿ ತರುತ್ತಿದ್ದಾರೆ. ಹೋದ ವಾರ ಹೋಗಿದ್ದೆ. ಮಗ್ಗದ ಸಪ್ಪಳಕ್ಕೆ ನಮ್ಮ ಮಾತು ನಮಗೇ ಕೇಳಲಿಲ್ಲ. ಅತ್ತೆಗೆ ಸಿಟ್ಟು. ನನಗೆ ಸಮಾಧಾನ.

ಅಲ್ಲಿರುವಾಗಲೇ ಗುಂಡಪ್ಪನ ಫೋನು ಬಂತು. ಅವತ್ತು ಇಳಿಯುವಾಗ ನನ್ನ ನಂಬರ್ ತೆಗೆದುಕೊಂಡಿದ್ದ.

"ಅಣ್ಣಾರ, ನಿಮ್ಮ ಟವಲ್ ನನ್ನ ಬಲ್ಲೇ ಉಳದದರಿ."

ನಾನು ಅದನ್ನು ಮರೆತೇಬಿಟ್ಟಿದ್ದೆ. "ಇರಲಿ ಬಿಡಪಾ, ಮುಖ ಒರಸ್ಕೊ."

"ಛೇ, ಒರಸಂಗಿಲ್ರಿ. ಒಗದು ಇಟ್ಟೀನಿ. ಈ ರೈಲು ಚಾಲೂ ಆಗ್ಲಿ, ಮದಲನೇ ಗಾಡಿದಾಗ ಕಾಕಾನ ಸೀಟಿಗಿ ಹಾಕ್ತೀನಿ."

"ಗುಂಡಪ್ಪ, ಮೆಟ್ರೋ ಕಿಟಕಿ ತೆರಿಯಂಗಿಲ್ಲೋ."

"ಬಾಗಲಾ ತೆರಿತಾವಲ್ರಿ?" ಎಂದು ನಕ್ಕ. ಹಿಂದೆ ಕ್ರೇನಿನ ಸದ್ದು ಕೇಳುತ್ತಿತ್ತು.

"ಅವತ್ತ ನೀನೂ ನಮ್ಮ ಜೋಡಿ ಕೂಡಬೇಕು ಮತ್ತ."

"ನಾನೆಲ್ರಿ ಅಣ್ಣಾರ? ಇದು ಮುಗೀತಂದ್ರ ಮತ್ತೆಲ್ಲಿ ಕಂಬಾ ಹುಗಿತಾರೋ ಅಲ್ಲಿಗಿ ಹೋಗೂದು," ಎಂದು ಫೋನಿಟ್ಟ.

ನಮಗೆಲ್ಲ ಸೀಟು ಹಿಡಿಯುತ್ತಿರುವ ಈ ಗುಂಡಪ್ಪನಿಗಾಗಿ ನಾವು ಎಲ್ಲಿ ಒಂದು ಟವಲ್ ಹಾಕಿಟ್ಟಿದ್ದೇವೆ?