ಶಕ್ತಿ ಸೂಜಿ

ಗಲಗಲಿಯ ಕುರುಬರ ರೇವಪ್ಪ ನನ್ನ ಅಕ್ಕ ಯಲ್ಲಕ್ಕನ ಗಂಡ. ಯಾರನ್ನೂ ನಂಬದ ಆಸಾಮಿ. ಸಂತೆಯಲ್ಲಿ ಕುರಿ ಕೊಳ್ಳುವಾಗ ಅದರ ಹಲ್ಲು ನೋಡುತ್ತಿದ್ದ, ಮಾರುವವನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡುತ್ತಿದ್ದ. ಸುತ್ತಲಿನ ಹಳ್ಳಿಯವರು ಟಗರಿನ ಬೀಜ ಒಡೆಯಲು ಅವನನ್ನೇ ಕರೆಯುತ್ತಿದ್ದರು. ಕೆಲಸಕ್ಕೆ ಕೂರುವ ಮೊದಲು ಅವನು ಟಗರಿನ ಕಿವಿಗೆ ಬಾಯಿಟ್ಟು ಏನೋ ಹೇಳುತ್ತಿದ್ದ. ಬೀರೇಶ್ವರನ ಮಂತ್ರವಿರಬೇಕೆಂದು ನಾವೆಲ್ಲ ತಿಳಿದಿದ್ದೆವು. ಕೇಳಿದರೆ, "ನಿನಗ್ಯಾಕಲೇ ಭೀಮಶಿ? ನೀ ಏನ್ ಟಗರೇನು?" ಎನ್ನುತ್ತಿದ್ದ.

೨೦೧೧ರಲ್ಲಿ ಅವನಿಗೆ ಉಚ್ಚೆ ಕಟ್ಟಿತು. ಮಿರಜಿನ ಆಸ್ಪತ್ರೆಗೆ ಕರೆದೊಯ್ದೆವು. ಪ್ರಾಸ್ಟೇಟ್ ಕ್ಯಾನ್ಸರ್ ಎಂದರು. ರೋಗದ ಹೆಸರನ್ನು ರೇವಪ್ಪ ಅಲುಗದೆ ಕೇಳಿಸಿಕೊಂಡ. ಮುಂದಿನದನ್ನು ಡಾಕ್ಟರು ಮರಾಠಿಯಲ್ಲಿ ನನಗೆ ಹೇಳಿದರು. ಬನಹಟ್ಟಿಯ ಸೀರೆ ವ್ಯಾಪಾರಿಗಳ ಜೊತೆ ಸಾಂಗ್ಲಿ ಕಡೆ ಓಡಾಡಿ ಮರಾಠಿ ಕಲಿತವನು ನಮ್ಮಲ್ಲಿ ನಾನೊಬ್ಬನೇ. ಮೂರು ತಿಂಗಳಿಗೊಂದು ಹಾರ್ಮೋನ್ ಸೂಜಿ. ಅದು ಗಂಡಸ್ತನದ ರಸವನ್ನೇ ನಿಲ್ಲಿಸುತ್ತದೆ, ಆ ರಸವಿಲ್ಲದಿದ್ದರೆ ಗಡ್ಡೆ ಹತೋಟಿಗೆ ಬರುತ್ತದೆ. ಮೈ ಬಿಸಿಯೇರಬಹುದು, ಎದೆ ಊದಬಹುದು, ಹಾಸಿಗೆಯ ಆಸೆ ಹೋಗುತ್ತದೆ. ಎಲ್ಲವನ್ನೂ ಅವರಿಗೆ ತಿಳಿಸಿ ಹೇಳಿ ಎಂದರು.

ನಾನು ಮೊದಲು ಅಕ್ಕನನ್ನು ಹೊರಗೆ ಕರೆದು ಹೇಳಿದೆ.

"ಅವರಿಗೆ ಹೇಳಬ್ಯಾಡೋ. ಗೊತ್ತಾದ್ರ ಸೂಜಿ ಮುಟ್ಟಗೊಡೂದಿಲ್ಲ, ಸಾಯತಾರ," ಎಂದಳು.

ಒಳಗೆ ಬಂದು, "ಶಕ್ತಿ ಸೂಜಿ ಅಂತ ಮಾವ," ಎಂದೆ. ಅವನು ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

ಎರಡನೇ ಸೂಜಿಯ ಹೊತ್ತಿಗೆ ಶುರುವಾಯಿತು. ಚಳಿಗಾಲದ ಮುಂಜಾನೆ ಹಿನ್ನೀರಿನ ದಂಡೆಯಲ್ಲಿ ಕುರಿ ಮೇಯಿಸುತ್ತಿದ್ದವನು ಹೆಗಲ ಕಂಬಳಿ ಕಿತ್ತೆಸೆದು, ಬೆವರು ಸುರಿಸುತ್ತ ನೀರಿಗಿಳಿದು ನಿಲ್ಲುತ್ತಿದ್ದ. ಕಂಬಳಿ ಇಲ್ಲದ ರೇವಪ್ಪನನ್ನು ಊರು ನೋಡಿಯೇ ಇರಲಿಲ್ಲ. ಅಂಗಿ ತಾಗಿದರೆ ಎದೆ ನೋಯುತ್ತಿತ್ತು. ಮರಿಯೊಂದು ಸತ್ತಿದ್ದಕ್ಕೆ ಕೂತು ಅತ್ತ. ಕ್ಷೌರದ ಪರಸಪ್ಪ, "ಇನ್ನ ಹದಿನೈದ ದಿನಕ್ಕೊಮ್ಮಿ ಬಂದ್ರ ಸಾಕು ನೋಡ್ರಿ, ಗಡ್ಡನ ಬರವಲ್ದು," ಎಂದದ್ದಕ್ಕೆ ಅವನ ಸೋಪಿನ ಮೇಲೇ ಅನುಮಾನಪಟ್ಟ. ಆಮೇಲೆ ಅಕ್ಕ ಮಜ್ಜಿಗೆಯಲ್ಲಿ ಏನೋ ಬೆರೆಸುತ್ತಾಳೆಂದು ನನಗೆ ಮೊದಲು ಕುಡಿಸಿ ನೋಡಿದ. ಯಾರೋ ಮಾಟ ಮಾಡಿಸಿದ್ದಾರೆಂದು ಎರಡೂ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ. ನಾನು ಮಜ್ಜಿಗೆ ಕುಡಿದು, ಮೀಸೆ ಒರೆಸಿಕೊಂಡು ನಗುತ್ತಿದ್ದೆ. ಆ ನಗೆ ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಒಂದು ದಿನ ಬೀಜ ಒಡೆದ ಟಗರೊಂದರ ಮೈ ಸವರಿ ಕೊಬ್ಬು ನೋಡುತ್ತಿದ್ದವನು, ಕೈ ತೆಗೆದು ತನ್ನ ಎದೆ ಮುಟ್ಟಿಕೊಂಡ. ಮತ್ತೆ ಟಗರು, ಮತ್ತೆ ಎದೆ. ನಾನು ಕಂಬಳಿ ಮಡಚುವ ನೆಪದಲ್ಲಿ ಬೇರೆ ಕಡೆ ತಿರುಗಿದೆ. ಅಂದಿನಿಂದ ಅವನು ಮಜ್ಜಿಗೆಯನ್ನು ನನಗೆ ಮೊದಲು ಕುಡಿಸಿ ನೋಡದೆ ತಾನೇ ಕುಡಿದ. ನನಗೆ ಹೆದರಿಕೆ ಹುಟ್ಟಿದ್ದು ಆಗಲೇ.

ಮೂರನೇ ಸೂಜಿಗೆ ಹೋದಾಗ ನಾನು ಬಾಯಿ ತೆರೆಯುವ ಮೊದಲೇ ರೇವಪ್ಪ ಡಾಕ್ಟರನ್ನು ನೇರವಾಗಿ ಕೇಳಿದ: "ಡಾಕ್ಟರ್, ಮಲಾ ಖಚ್ಚಿ ಕೇಲಂ ಕಾ?"

ಬೀಜ ಒಡೆದ ಟಗರಿಗೆ ಮರಾಠಿ ಸಂತೆಗಳಲ್ಲಿ ಖಚ್ಚಿ ಎನ್ನುತ್ತಾರೆ. ನನ್ನನ್ನೂ ಹಾಗೆ ಮಾಡಿದಿರಾ ಎಂದು ಅವನು ಕೇಳಿದ್ದ. ನಲವತ್ತು ವರ್ಷ ಆ ಸಂತೆಗಳಲ್ಲೂ ಕುರಿ ಮಾರಿದವನಿಗೆ ಅಷ್ಟು ಮರಾಠಿ ಬಂದೀತೆಂದು ನನಗೆ ಹೊಳೆದಿರಲಿಲ್ಲ.

ಡಾಕ್ಟರು ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವರು ಮತ್ತೆ ಎಲ್ಲವನ್ನೂ ಹೇಳಿದರು, ಈ ಸಲ ನಾನು ಒಂದಕ್ಷರ ಬಿಡದೆ ಕನ್ನಡಕ್ಕೆ ತಂದೆ. ಮೈ ಬಿಸಿಗೆ ಮಾತ್ರೆ ಇದ್ದವು, ಎದೆನೋವಿಗೂ ಉಪಾಯವಿತ್ತು. ಮೊದಲೇ ಹೇಳಿದ್ದರೆ ಇಷ್ಟು ನರಳುವ ಕಾರಣವಿರಲಿಲ್ಲ ಎಂದರು. ಸೂಜಿ ಬೇಡವಾದರೆ ಬೇಡ, ಅದು ನಿಮ್ಮ ಇಷ್ಟ ಎಂದೂ ಹೇಳಿದರು.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ರೇವಪ್ಪ ಅಂಗಿ ಮೇಲೆತ್ತಿ ಹೊಟ್ಟೆ ಕೊಟ್ಟ. ಸೂಜಿ ಇಳಿಯಿತು.

ಹೊರಗೆ ಬೆಂಚಿನ ಮೇಲೆ ಕೂತಾಗ ಮಾತು ತೆಗೆದ. "ಟಗರಿನ ಕಿವ್ಯಾಗ ಏನ್ ಹೇಳತಿ ಅಂತ ಕೇಳತಿದ್ದೆಲ್ಲ?"

ನಾನು ಹೂಂ ಎಂದೆ.

"'ನಿನ್ನ ಬೀಜ ಒಡಿಯಾಕತ್ತೇನಿ, ನೋವ ಆಕ್ಕೈತಿ, ತಡಕೋ' ಅಂತಿದ್ದೆ. ಅಷ್ಟ. ಟಗರಿಗೂ ಹೇಳೇ ಮಾಡತಿದ್ದೆ, ಭೀಮಶಿ."

ಅವನು ಹಾಗೆನ್ನುವಾಗ ನನ್ನ ಮುಖ ನೋಡಲಿಲ್ಲ. ಮುಂದೆಂದೂ ನೋಡಲಿಲ್ಲ.