ಬಿರಡೆಗಳ ಬೆನ್ನುಹತ್ತಿದ ಡಾರ್ಲೀನ್

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸರೋವರದ ಮೇಲಿಂದ ಬೀಸುವ ಮಾರ್ಚ್ ತಿಂಗಳ ಗಾಳಿಗೆ ಕಿವಿ ಜೋಮು ಹಿಡಿಯುತ್ತಿದೆ. ನಮ್ಮ ಕ್ರೇನ್ ಹಾರ್ಬರ್‌ನ ಅರ್ಧ ಊರು ಕಂಬಳಿಯೊಳಗಿರುವ ಈ ಹೊತ್ತಿನಲ್ಲಿ ಪ್ಲಂಬರ್ ಡಾರ್ಲೀನ್ ನೊವಾಟ್ನಿ, ರೋಸಲಿ ಮಜೂರ್ ಎಂಬ ಹಿರಿಯ ಹೆಂಗಸಿನ ನೆಲಮಾಳಿಗೆಯಲ್ಲಿ ವಾಟರ್ ಹೀಟರ್ ಎದುರು ಮಂಡಿಯೂರಿದ್ದಾರೆ. ಕರೆ ಬಂದದ್ದು ಅಡುಗೆಮನೆಯ ನಲ್ಲಿ ಸೋರುತ್ತದೆಂದು. ಡಾರ್ಲೀನ್ ನಲ್ಲಿಯ ಕಡೆ ತಿರುಗಿಯೂ ನೋಡದೆ ಕೆಳಗಿಳಿದಿದ್ದಾರೆ. ಹೀಟರ್‌ನ ಸೇಫ್ಟಿ ವಾಲ್ವಿನಿಂದ ಇಳಿದು ಬರುವ ಪೈಪಿನ ತುದಿಗೆ ಟಾರ್ಚ್ ಬಿಡುತ್ತಾರೆ. ಅಲ್ಲಿ ಹಿತ್ತಾಳೆಯ ಬಿರಡೆಯೊಂದು ಬಿಗಿದು ಕೂತಿದೆ.

"ಇದನ್ನ ಹಾಕಿದ್ಯಾರು?"

"ನಾನೇ ಕಣೆ. ದಿನಾ ತೊಟ್ಟಿಕ್ಕಿ ತೊಟ್ಟಿಕ್ಕಿ ಕಾರ್ಪೆಟ್ಟು ಹಾಳಾಗ್ತಿತ್ತು. ನಿಮ್ಮ ಮಾವನೇ ಹೇಳಿದ್ದು, ಬಿರಡೆ ಬಿಗಿ ಅಂತ."

ಡಾರ್ಲೀನ್ ಕೈ ಚಾಚಿ ಗ್ಯಾಸ್ ಆರಿಸುತ್ತಾರೆ.

"ಅಯ್ಯೋ, ನಾನಿನ್ನೂ ಸ್ನಾನ ಮಾಡಿಲ್ಲ!"

"ತಣ್ಣೀರಲ್ಲಿ ಮಾಡಿ ಮಿಸೆಸ್ ಮಜೂರ್. ನೀವು ಬೈದ್ರೂ ಸರಿ, ಬಡಿದ್ರೂ ಸರಿ, ಈ ಬಿರಡೆ ಹೋಗೋವರೆಗೂ ನಾನು ಹೀಟರ್ ಹಚ್ಚಲ್ಲ."

ರೋಸಲಿ ಬೈಯುತ್ತಾರೆ, ಚೆನ್ನಾಗಿಯೇ ಬೈಯುತ್ತಾರೆ. ಡಾರ್ಲೀನ್ ನಲ್ಲಿ ತೆರೆದು ಒತ್ತಡ ಇಳಿಸಿ, ಬಿರಡೆ ತಿರುಗಿಸಿ ತೆಗೆದು ಕೋಟಿನ ಜೇಬಿಗೆ ಹಾಕಿಕೊಂಡು, ಗ್ಯಾಸ್ ಮತ್ತೆ ಹಚ್ಚಿ ಮೇಲೆ ಬರುತ್ತಾರೆ. ಜೇಬಿನಲ್ಲಿ ಆಗಲೇ ಇನ್ನೊಂದೆರಡು ಇವೆ. ಅವರ ಬಗ್ಗೆ ಬರೆಯಲು ಜೊತೆಗೆ ಬಂದ ನನ್ನನ್ನು ವ್ಯಾನಿಗೆ ಹತ್ತಿಸಿಕೊಂಡು ಮುಂದಿನ ಮನೆಗೆ ಹೊರಡುತ್ತಾರೆ.

ಡಾರ್ಲೀನ್ ಕೆಲಸ ಕಲಿತದ್ದು ಸೋದರಮಾವ ಕ್ಯಾಸಿಮಿರ್ ಅವರ ಕೈಕೆಳಗೆ. ಊರಿಗೆಲ್ಲ ಅವರು ಕ್ಯಾಸ್. ಹಡಗು ಕಟ್ಟುವ ಯಾರ್ಡಿನಲ್ಲಿ ಪೈಪು ಜೋಡಿಸುತ್ತಿದ್ದವರು, ಸಂಜೆ ಹೊತ್ತು ಮನೆಗಳ ರಿಪೇರಿಗೂ ಹೋಗುತ್ತಿದ್ದರು. ಹೆಣ್ಣು ಹುಡುಗಿಗೆ ಸ್ಪ್ಯಾನರ್ ಯಾಕೆಂದು ಬಂಧುಗಳು ನಕ್ಕಾಗ, "ಪೈಪಿಗೆ ಕೈ ಗೊತ್ತು, ಲಂಗ ಗೊತ್ತಿಲ್ಲ" ಎಂದು ಬಾಯಿ ಮುಚ್ಚಿಸಿದವರು ಅವರೇ. ಮೊದಮೊದಲು ಬಾಗಿಲು ತೆರೆದವರು ಡಾರ್ಲೀನ್ ಹಿಂದೆ ಇಣುಕಿ "ಪ್ಲಂಬರ್ ಎಲ್ಲಿ?" ಎಂದು ಕೇಳುತ್ತಿದ್ದರಂತೆ. ಈಗಲೂ ಕೇಳುವವರಿದ್ದಾರೆ, ನಾನೇ ಕಂಡಿದ್ದೇನೆ. ಸೊಂಟ ನೋವು, ಮಂಡಿ ನೋವು ಯಾವುದನ್ನೂ ಲೆಕ್ಕಕ್ಕಿಡದೆ ಈ ಹೆಂಗಸು ದಿನಕ್ಕೆ ಆರೇಳು ನೆಲಮಾಳಿಗೆ ಹತ್ತಿಳಿಯುತ್ತಾರೆ.

ಈಗಿನ ತಲೆನೋವು ಬೇರೆ. ನೀರು ಕಾದರೆ ಹಿಗ್ಗುತ್ತದೆ. ಹಿಂದೆಲ್ಲ ಹಿಗ್ಗಿದ ನೀರು ಬಂದ ದಾರಿಯಲ್ಲೇ ಸರಿದು ಬೀದಿಯ ದೊಡ್ಡ ಪೈಪಿಗೆ ಸೇರುತ್ತಿತ್ತು, ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಈಚೆಗೆ ನಮ್ಮ ಬೀದಿಗಳಿಗೆ ಹೊಸ ನೀರಿನ ಮೀಟರ್‌ಗಳು ಬಂದಿವೆ. ಜೊತೆಗೆ, ನೀರನ್ನು ಒಳಗೆ ಬಿಟ್ಟು ಹೊರಗೆ ಬಿಡದ ವಾಲ್ವೂ ಬಂದಿದೆ. ಮನೆಯ ಕೊಳೆ ನೀರು ಊರಿನ ಕುಡಿಯುವ ನೀರಿಗೆ ಬೆರೆಯಬಾರದಲ್ಲ, ಒಳ್ಳೆಯದೇ. ಆದರೆ ಹಿಗ್ಗಿದ ನೀರು ಎಲ್ಲಿಗೆ ಹೋಗಬೇಕು? ಒತ್ತಡ ಏರಿ ಸೇಫ್ಟಿ ವಾಲ್ವಿನಿಂದ ತೊಟ್ಟಿಕ್ಕುತ್ತದೆ. ಅಂಥ ಮನೆಗೆ ಎಕ್ಸ್‌ಪ್ಯಾನ್ಷನ್ ಟ್ಯಾಂಕ್ ಎಂಬ ಪುಟ್ಟ ಡಬ್ಬಿ ಬೇಕು. ಅದರೊಳಗೆ ರಬ್ಬರಿನ ಪರದೆ, ಪರದೆಯ ಆಚೆ ಗಾಳಿ. ಹಿಗ್ಗಿದ ನೀರು ಆ ಗಾಳಿಯನ್ನು ಒತ್ತಿ ತನಗೆ ಜಾಗ ಮಾಡಿಕೊಳ್ಳುತ್ತದೆ, ಅಷ್ಟೇ.

"ಎಲ್ಲರಿಗೂ ಬೇಕಾ?" ಎಂದು ಕೇಳುತ್ತೇನೆ.

"ಯಾರಂದ್ರು? ಸ್ಪ್ರೂಸ್ ಬೀದೀಲಿ ಇನ್ನೂ ಹಳೇ ಮೀಟರ್, ನೀರಿಗೆ ವಾಪಸ್ ದಾರಿ ಇದೆ. ಅಲ್ಲಿಯವರು ಟ್ಯಾಂಕ್ ಹಾಕು ಅಂತ ದುಂಬಾಲು ಬಿದ್ರೂ ಬೇಡ ಅಂತ ಬಂದಿದ್ದೀನಿ. ಬೇಕಾದೋರು ಬೇಡ ಅಂತಾರೆ, ಬೇಡದೋರು ಬೇಕು ಅಂತಾರೆ. ನನ್ನ ಹಣೆಬರಹ!"

ಟ್ಯಾಂಕ್ ಇಲ್ಲದಿದ್ದರೆ ನಲ್ಲಿ ಸೋರಬಹುದು, ಹೀಟರ್ ಬೇಗ ಹಾಳಾಗಬಹುದು. ಬಿರಡೆ ಹಾಗಲ್ಲ. ಉರಿಯನ್ನು ಹತೋಟಿಯಲ್ಲಿಡುವ ಸಾಧನ ಒಂದು ದಿನ ಕೈಕೊಟ್ಟರೆ ಮನೆಯವರನ್ನು ಕಾಯಲು ಉಳಿಯುವುದು ಆ ವಾಲ್ವ್ ಒಂದೇ. ಅದರ ಬಾಯಿ ಕಟ್ಟುವುದೆಂದರೆ ಕುಕ್ಕರಿನ ಸೇಫ್ಟಿ ವಾಲ್ವ್ ಮುಚ್ಚಿ ಒಲೆ ಹಚ್ಚಿದ ಹಾಗೆ. ಹೀಟರ್ ಸಿಡಿದರೆ ಮೇಲಿನ ನೆಲವನ್ನೇ ಸೀಳಿಕೊಂಡು ಹೋಗುತ್ತದೆ. ಮೇಲೆ ಮಲಗಿದ್ದವರ ಗತಿಯನ್ನು ನೀವೇ ಯೋಚಿಸಿ.

ಇಷ್ಟು ಅಪಾಯದ ಕೆಲಸ ಇಷ್ಟು ಮನೆಗಳಲ್ಲಿ ಹೇಗಾಯಿತು? ನಮ್ಮೂರಿನ ಚಾಳಿಯೇ ಕಾರಣ. ಇಲ್ಲಿ ಎಲ್ಲರೂ ಕೈಕೆಲಸ ಬಲ್ಲವರು, ರಿಪೇರಿಗೆ ಹೊರಗಿನವರನ್ನು ಕರೆಯುವುದು ಅವಮಾನ. ಈಸ್ಟರ್‌ಗೆ ಮುಂಚಿನ, ಮಾಂಸ ಬಿಟ್ಟು ಮೀನು ತಿನ್ನುವ ಉಪವಾಸದ ವಾರಗಳಲ್ಲಿ ಪ್ರತಿ ಶುಕ್ರವಾರ ಚರ್ಚಿನ ಹಾಲಿನಲ್ಲಿ ಮೀನೂಟ ಇರುತ್ತದಲ್ಲ, ಊರಿನ ರಿಪೇರಿಯೆಲ್ಲ ಮೊದಲು ಆಗುವುದು ಆ ಊಟದ ಮೇಜಿನ ಮೇಲೆ. ಕರಿದ ಪರ್ಚ್ ಮೀನು ಮುರಿಯುತ್ತಾ ಯಾರೋ ಹೀಟರ್ ತೊಟ್ಟಿಕ್ಕುತ್ತದೆ ಎಂದಿದ್ದಾರೆ. ಕ್ಯಾಸ್, "ವಾಲ್ವ್ ಸವೆದಿರುತ್ತೆ. ಹೊಸದು ತರೋವರೆಗೂ ಒಂದು ಬಿರಡೆ ಹಾಕು" ಎಂದಿದ್ದಾರೆ. ಹೊಸದು ತರುವ ಮಾತು ಮೇಜಿನ ಮೇಲೆಯೇ ಉಳಿದು, ಬಿರಡೆಯ ಮಾತು ಮನೆಮನೆಗೆ ಹೋಗಿದೆ.

ಈಗ ಅದನ್ನು ತೆಗೆಸುವುದೆಂದರೆ ಹರಸಾಹಸ. ಡಾರ್ಲೀನ್ ಬಾಗಿಲು ತಟ್ಟಿದರೆ, "ಕ್ಯಾಸ್ ಹೇಳಿದ್ದಾನೆ, ಸಾಕು" ಎಂದು ಮುಚ್ಚುತ್ತಾರೆ. ಒಬ್ಬರಂತೂ ಚಿಲಕ ಹಾಕಿಕೊಂಡೇ, "ಏನಮ್ಮಾ, ಗುರುವಿಗೇ ತಿರುಮಂತ್ರವಾ?" ಎಂದು ನಗುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

"ಇವರು ನನ್ನ ಮಾತು ಕೇಳಲ್ಲ" ಎನ್ನುತ್ತಾರೆ ಡಾರ್ಲೀನ್. "ಮಾವನ ಬಾಯಿಂದಲೇ ಬರಬೇಕು. ಬರಿಸ್ತೀನಿ."

ಹೇಳಿದಷ್ಟು ಸುಲಭವಲ್ಲ. ಕ್ಯಾಸ್ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಆ ವಾರದ ಶುಕ್ರವಾರ ಮಧ್ಯಾಹ್ನ ಅವರ ಮನೆಗೆ ನಾನೂ ಜೊತೆಗೆ ಹೋಗುತ್ತೇನೆ. ಅವರ ಹೀಟರ್‌ನ ಪೈಪಿಗೂ ಬಿರಡೆ!

"ಟ್ಯಾಂಕಂತೆ ಟ್ಯಾಂಕು! ನಿನ್ನ ಅಜ್ಜಿ ಟ್ಯಾಂಕ್ ಇಟ್ಕೊಂಡು ಸ್ನಾನ ಮಾಡ್ತಿದ್ಲಾ?"

"ಅಜ್ಜಿ ಕಾಲದಲ್ಲಿ ಈ ಮೀಟರ್ ಇರಲಿಲ್ಲ ಮಾವ. ಮಾತು ಬೇಡ, ಮುಳ್ಳು ನೋಡು."

ಡಾರ್ಲೀನ್ ಬಟ್ಟೆ ಒಗೆಯುವ ನಲ್ಲಿಗೆ ಒತ್ತಡ ತೋರಿಸುವ ಗೇಜ್ ಸಿಕ್ಕಿಸುತ್ತಾರೆ. ಬಿಸಿನೀರು ಹರಿಯಬಿಟ್ಟು, ಹೀಟರ್ ಹೊತ್ತಿಕೊಂಡ ಕೂಡಲೇ ಎಲ್ಲ ನಲ್ಲಿಗಳನ್ನೂ ಮುಚ್ಚುತ್ತಾರೆ. ಪಕ್ಕದ ನಲ್ಲಿಯೊಂದರ ಹಿಡಿಯ ಮೇಲಿಂದ ಮಾತ್ರ ಅವರ ಕೈ ಕದಲುವುದಿಲ್ಲ. ಮುಳ್ಳು ಮೆಲ್ಲನೆ ಏರುತ್ತದೆ. ಕ್ಯಾಸ್ ಗೊಣಗುತ್ತಾರೆ. ಮುಳ್ಳು ಇನ್ನೂ ಏರುತ್ತದೆ. ಕ್ಯಾಸ್ ಗೊಣಗುವುದು ನಿಲ್ಲುತ್ತದೆ. ವಾಲ್ವ್ ನೀರು ಬಿಡಬೇಕಾದ ಗೆರೆಯನ್ನೂ ಮುಳ್ಳು ದಾಟಿದಾಗ ಮುದುಕರು, "ಬಿಡೇ ನೀರು, ಬಿಡು!" ಎಂದು ಕೂಗುತ್ತಾರೆ. ಡಾರ್ಲೀನ್ ನಲ್ಲಿ ತಿರುಗಿಸುತ್ತಾರೆ, ಮುಳ್ಳು ಧೊಪ್ಪನೆ ಬೀಳುತ್ತದೆ.

ಕ್ಯಾಸ್ ಹಳೆಯ ಕುರ್ಚಿಯೊಂದರ ಮೇಲೆ ಕೂರುತ್ತಾರೆ. ಮೇಲಿನ ಕೋಣೆಯಲ್ಲಿ ಅವರ ಹೆಂಡತಿ ಓಡಾಡುವ ಸದ್ದು ಕೇಳುತ್ತಿದೆ. ಅವರು ತಲೆಯೆತ್ತಿ ಆ ಸದ್ದು ಹೋದ ಕಡೆಗೇ ನೋಡುತ್ತಾರೆ.

"ಎಷ್ಟು ಮನೆಗೆ ಹೇಳಿದೀನೋ ನೆನಪೇ ಇಲ್ವಲ್ಲೇ" ಎನ್ನುತ್ತಾರೆ ಕೊನೆಗೆ.

ಅಂದು ಸಂಜೆ ಚರ್ಚಿನ ಹಾಲಿನಲ್ಲಿ ಕಾಲಿಡಲು ಜಾಗವಿಲ್ಲ. ಮೀನು, ಆಲೂಗಡ್ಡೆ ದೋಸೆ, ರೈ ಬ್ರೆಡ್ಡು, ಗದ್ದಲ. ಕ್ಯಾಸ್ ಪಾದ್ರಿಗಳ ಕೈಯಿಂದ ಮೈಕು ಇಸಕೊಳ್ಳುತ್ತಾರೆ.

"ಕೇಳಿ ಇಲ್ಲಿ. ಹೀಟರ್ ಪೈಪಿಗೆ ಬಿರಡೆ ಹಾಕಿ ಅಂದಿದ್ದೆ. ತಪ್ಪು ಹೇಳಿದ್ದೆ."

"ಏನ್ ಕ್ಯಾಸ್, ಬ್ರಾಂದಿ ಜಾಸ್ತಿ ಆಯ್ತಾ?" ಎಂದು ಹಿಂದಿನ ಮೇಜಿನಿಂದ ಯಾರೋ ಕೂಗುತ್ತಾರೆ.

"ಕಮ್ಮಿ ಆಗಿದೆ ಕಣೋ, ಅದಕ್ಕೇ ನಿಜ ಹೇಳ್ತಿದ್ದೀನಿ. ಹಾಕಿರೋರೆಲ್ಲ ಮನೆಗೆ ಹೋದ ತಕ್ಷಣ ಗ್ಯಾಸ್ ಆರಿಸಿ. ಬಿರಡೆಗೆ ನೀವು ಕೈ ಹಾಕಬೇಡಿ. ಬೆಳಿಗ್ಗೆ ನಮ್ಮ ಡಾರ್ಲೀನ್ ಬರ್ತಾಳೆ. ಬಾಗಿಲು ತೆಗೀರಿ."

ಚಮಚಗಳು ತಟ್ಟೆಗಿಳಿಯುತ್ತವೆ. ಆಮೇಲೆ ಒಬ್ಬೊಬ್ಬರೇ ಕೋಟು ಹುಡುಕುತ್ತಾರೆ. ಡಾರ್ಲೀನ್ ಎದುರಿನ ಮೀನು ಆರಿಹೋಗಿದೆ. ಅವರು ಅಳುತ್ತಿದ್ದಾರೆ, ಮರೆಮಾಚುವುದೂ ಇಲ್ಲ.

"ಗೆದ್ದೆ ಅಂತಲ್ಲ" ಎನ್ನುತ್ತಾರೆ ನನಗೆ. "ಅಷ್ಟು ಜನರ ಮುಂದೆ ಅವನು ನಿಂತ ನೋಡಿ, ಅದಕ್ಕೆ. ನನಗೇನೂ ದೊಡ್ಡ ಆಸೆ ಇಲ್ಲಪ್ಪ. ಈಸ್ಟರ್ ಹಬ್ಬದ ದಿನ ಒಂದು ಮನೇಲೂ ಬಿರಡೆ ಇರಬಾರದು, ಅಷ್ಟೇ."

ಶನಿವಾರ ಬೆಳಗಾಗುವಷ್ಟರಲ್ಲಿ ವ್ಯಾನ್ ಬೀದಿಯಲ್ಲಿದೆ. ಡಾರ್ಲೀನ್ ಜೊತೆ ಕ್ಯಾಸ್ ಇಳಿಯುತ್ತಾರೆ, ಹೆಗಲಿಗೆ ಸಾಮಾನಿನ ಚೀಲ. ಬೇಡವೆಂದರೂ ಬಿಟ್ಟಿಲ್ಲ. ಮೊದಲ ಮನೆಯ ಯಜಮಾನರು ಪೈಜಾಮದಲ್ಲೇ ಬಾಗಿಲು ತೆರೆದು, ಡಾರ್ಲೀನ್ ಅವರನ್ನು ದಾಟಿ ಹಿಂದೆ ನೋಡಿ ಕೈ ಚಾಚುತ್ತಾರೆ.

"ಬಾ ಕ್ಯಾಸ್, ಬಾ. ಕೆಳಗೆ ಹೋಗೋಣ."

"ಪ್ಲಂಬರ್ ಇವಳು" ಎನ್ನುತ್ತಾರೆ ಕ್ಯಾಸ್, ಅಲ್ಲಿಂದ ಕದಲದೆ. "ನಾನು ಚೀಲ ಹೊರೋನು."