ಓಕ್ ಕಂಬದ ಪಕ್ಕದ ಸಿಮೆಂಟು

ಇಂಗ್ಲೆಂಡಿನಲ್ಲಿ ಕೆಲವು ಮನೆಗಳನ್ನು ಕೊಂಡುಕೊಂಡರೂ ಅವು ಪೂರ್ತಿ ನಮ್ಮವಾಗುವುದಿಲ್ಲ. ನಮ್ಮದು ಅಂಥ ಮನೆ. ಹಾರ್ಬೋರ್ನ್ ಪೇಟೆಯಿಂದ ಅರ್ಧ ಗಂಟೆಯ ದಾರಿ, ಸುತ್ತ ಕುರಿ ಮೇಯುವ ಬಯಲು, ನಡುವೆ ನಾಲ್ಕು ಶತಮಾನ ಕಂಡ ರೈತರ ಮನೆ. ಓಕ್ ಮರದ ಕಂಬ, ತೊಲೆಗಳದೇ ಚೌಕಟ್ಟು. ಕಂಬಗಳ ನಡುವೆ ಕಡ್ಡಿ ಹೆಣೆದು, ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದಾರೆ. ಅದರ ಮೇಲೆ ಸುಣ್ಣದ ಗಾರೆ. ಒಂದು ಮೂಲೆಯೂ ನೇರವಿಲ್ಲ. ಮಹಡಿಯ ನೆಲದ ಮೇಲೆ ಗೋಲಿ ಇಟ್ಟರೆ ತಾನಾಗಿಯೇ ಕಿಟಕಿಯ ಕಡೆ ಉರುಳುತ್ತದೆ. ಕಾನೂನಿನ ರಕ್ಷಣೆಯಿರುವ ಕಟ್ಟಡವಾದ್ದರಿಂದ ಊರಿನ ಆಡಳಿತ ನೋಡುವ ಕೌನ್ಸಿಲ್ ಒಪ್ಪದೆ ಇಂಥ ಗೋಡೆಯನ್ನು ಕೀಳುವಂತಿಲ್ಲ. ಕಿತ್ತರೆ ಅದು ಅಪರಾಧ. ಕಿತ್ತವರ ಮೇಲೆ ಕೇಸು ಹಾಕಬಹುದು.

ಇದನ್ನು ಅಪ್ಪನಿಗೂ ಹೇಳಿದ್ದೆ. ಅವರು "ಮಣ್ಣಿನ ಗೋಡಿಗೆ ಇಷ್ಟು ದೌಲತ್ತೇನು?" ಎಂದು ನಕ್ಕುಬಿಟ್ಟಿದ್ದರು.

ಅಪ್ಪ ಧಾರವಾಡದ ಕಡೆ ಸರ್ಕಾರಿ ಎಂಜಿನಿಯರ್ ಆಗಿದ್ದವರು. ಶಾಲೆ, ಸೇತುವೆ, ನೀರಿನ ಟ್ಯಾಂಕು ಎಂದು ಸರ್ವಿಸ್ ಪೂರ್ತಿ ಸಿಮೆಂಟಿನಲ್ಲೇ ಕಳೆದವರು. ಇಷ್ಟು ವರ್ಷದಲ್ಲಿ ಒಂದು ಮೆಮೊ ಸಹ ತೆಗೆದುಕೊಂಡವರಲ್ಲ ಎಂಬುದು ಅವರ ದೊಡ್ಡ ಹೆಮ್ಮೆ. ನಾವು ವಾಸಕ್ಕೆ ಬಂದ ಮೇಲೆ ಇಟ್ಟುಕೊಂಡ ಗೃಹಪ್ರವೇಶಕ್ಕೆಂದು ವಿಸಿಟರ್ ವೀಸಾದಲ್ಲಿ ಬಂದಿದ್ದರು. ನನ್ನ ಗಂಡ ದೂರದ ಬರ್ಚ್‌ವುಡ್‌ನಲ್ಲಿ ಎಂಜಿನಿಯರ್, ವಾರದ ಅರ್ಧ ಅಲ್ಲೇ ಉಳಿಯುತ್ತಾರೆ. ನಾನು ಡಾಕ್ಟರು, ಆಸ್ಪತ್ರೆಯ ಪಾಳಿ ನನ್ನನ್ನು ಮನೆಯಲ್ಲಿ ಇರಗೊಡುವುದಿಲ್ಲ. ಮಗಳು ಶಾಲೆಗೆ ಹೋದ ಮೇಲೆ ಆ ದೊಡ್ಡ ಮನೆಯಲ್ಲಿ ಅಪ್ಪ ಒಬ್ಬರೇ.

ಗೃಹಪ್ರವೇಶದ ವಾರ, ಸೋಮವಾರ ಸಂಜೆ ಬಾಗಿಲು ತೆರೆದಾಗ ಮೂಗಿಗೆ ಬಡಿದದ್ದು ಹಸಿ ಸಿಮೆಂಟಿನ ವಾಸನೆ. ಮೆಟ್ಟಿಲು ಹತ್ತಿ ಓಡಿದೆ. ಮಗಳ ಕೋಣೆಯಲ್ಲಿ, ಅವಳ ಮಂಚದ ತಲೆದಿಂಬಿನ ಪಕ್ಕದಲ್ಲಿ, ಎರಡು ಕಂಬಗಳ ನಡುವಿನ ಗೋಡೆ ಬೂದು ಬಣ್ಣಕ್ಕೆ ತಿರುಗಿತ್ತು. ಹಳೆಯ ಮಣ್ಣು, ಕಡ್ಡಿ ಎಲ್ಲ ಚೀಲ ಸೇರಿದ್ದವು. ಅಪ್ಪ ಅಂಗಿಯ ತೋಳು ಮಡಚಿಕೊಂಡು ಕರಣೆಯಿಂದ ನುಣುಪು ಮಾಡುತ್ತಿದ್ದರು.

"ಅಪ್ಪಾ, ಇದೇನ್ ಮಾಡೀರಿ?"

"ಮುಟ್ಟಿದ್ರ ಉದರ್ತಿತ್ತವಾ. ಫೋನ್ ಮಾಡಿ ಸಿಮೆಂಟ್ ತರಿಸಿದೆ. ಐತವಾರ ಮಂದಿ ಬರ್ತಾರ. ಬಿದ್ದ ಗೋಡಿ ಇಟಗೊಂಡು ಯಾರರ ಗೃಹಪ್ರವೇಶ ಮಾಡ್ತಾರೇನು?"

ನನಗೆ ಮೈಯೆಲ್ಲ ಉರಿದುಹೋಯಿತು. ಒಲೆಯ ಹೊಗೆ ಹೋಗುವ ಚಿಮಣಿಯ ರಿಪೇರಿಗೆ ನಾವೇ ಒಪ್ಪಿಗೆ ಕೇಳಿದ್ದೆವು. ಅದನ್ನು ನೋಡಲು ಕೌನ್ಸಿಲ್‌ನ ಅಧಿಕಾರಿ ಗುರುವಾರ ಬರುವವರಿದ್ದರು. "ನಿಮ್ಮ ಮ್ಯಾಲೆ ಕೇಸ್ ಹಾಕ್ತಾರ. ಮತ್ತ ಈ ದೇಶಕ್ಕ ವೀಸಾ ಸಿಗೂದಿಲ್ಲ. ಮೊಮ್ಮಗಳನ್ನ ಫೋನಿನಾಗ ನೋಡಕೋತ ಕೂಡ್ರಿ" ಎಂದುಬಿಟ್ಟೆ. ಅಪ್ಪ ಕರಣೆ ತೊಳೆಯಲು ಕೆಳಗೆ ಹೋದರು. ಅವತ್ತಿನಿಂದ ನಾನು ಅವರ ಜೊತೆ ಮಾತು ಬಿಟ್ಟೆ.

ಬುಧವಾರ ಬಂದ ಗಂಡ ಗೋಡೆಯನ್ನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ಮಾವನ ಹೆಸರು ಎಲ್ಲೂ ಬರೋದು ಬೇಡ. ನಾವು ತಗೊಂಡಾಗ್ಲೇ ಹೀಗಿತ್ತು ಅಂದ್ಬಿಡೋಣ" ಎಂದರು. ಮನೆ ಮಾರಿದ ಮುದುಕಿ ಈಗ ವೃದ್ಧಾಶ್ರಮ ಸೇರಿದ್ದಾರೆ, ಅವರನ್ನು ಯಾರು ಹೋಗಿ ಕೇಳುತ್ತಾರೆ? ನಾನು ಒಪ್ಪಿಕೊಂಡೆ. ಇಬ್ಬರೂ ಸೇರಿ ಸುಣ್ಣ ಬಳಿದೆವು. ಒಣಗಿದಷ್ಟೂ ಆ ಭಾಗವೇ ಬೇರೆಯಾಗಿ ಕಾಣುತ್ತಿತ್ತು, ಮತ್ತೆ ಬಳಿದೆವು. ಅಪ್ಪ ಬಾಗಿಲಲ್ಲಿ ನಿಂತು ನಮ್ಮ ಮಾತು ಕೇಳಿಸಿಕೊಂಡು, ಊಟ ಬೇಡ ಎಂದು ಹೋಗಿ ಮಲಗಿದರು.

ಗುರುವಾರ ಬಂದ ಅಧಿಕಾರಿ ನಡುವಯಸ್ಸಿನ ಹೆಂಗಸು. ಕೆಸರಾದ ಬೂಟುಗಳನ್ನು ತಾವಾಗಿಯೇ ಬಾಗಿಲಲ್ಲಿ ಬಿಟ್ಟು ಒಳಗೆ ಬಂದರು. ಬೇರೆ ದಿನವಾಗಿದ್ದರೆ ನನಗೆ ತುಂಬ ಇಷ್ಟವಾಗುತ್ತಿದ್ದರು. ಕೆಳಗೆ ಒಲೆ ನೋಡಿದರು, ಚಹಾ ಕುಡಿದರು. ನಾನು ಬೇಕಿಲ್ಲದ್ದನ್ನೆಲ್ಲ ಮಾತಾಡುತ್ತಿದ್ದೆ. "ಚಿಮಣಿ ಮಹಡಿಯ ಯಾವ ಕೋಣೆಯಲ್ಲಿ ಹಾದುಹೋಗುತ್ತದೆ?" ಎಂದು ಅವರು ಕೇಳಿದಾಗ ನಾನು ಕಪ್ಪು ಕೆಳಗಿಟ್ಟು ಗಂಡನ ಮುಖ ನೋಡಿದೆ. ಅದು ಮಗಳ ಕೋಣೆಯೇ.

ಮೇಲೆ ಹೋದವರು ಚಿಮಣಿಯನ್ನು ನೋಡಿ ಮುಗಿಸಿ, ಹೊರಡುವ ಹೊತ್ತಿಗೆ ಮಂಚದ ಬಳಿ ನಿಂತರು. ಗೋಡೆಗೆ ಅಂಗೈ ಇಟ್ಟರು. ಬೆರಳ ಗಂಟಿನಿಂದ ಬಡಿಯುತ್ತ ಬಂದರು. ಎದೆಯಲ್ಲಿ ನೀರು ತುಂಬಿದ ರೋಗಿಗಳನ್ನು ನಾನೂ ಹೀಗೆಯೇ ಬಡಿದು ನೋಡುತ್ತೇನೆ. ಶಬ್ದ ಬದಲಾದ ಜಾಗ ಅವರಷ್ಟೇ ಸ್ಪಷ್ಟವಾಗಿ ನನಗೂ ತಿಳಿಯಿತು.

"ನೀವು ಕೊಂಡಾಗಲೇ ಇದು ಹೀಗಿತ್ತೇ?"

"ಹೌದು. ಹಿಂದಿನವರು ಮಾಡಿಸಿರಬೇಕು" ಎಂದರು ಗಂಡ. ನಾನು ತಲೆಯಾಡಿಸಿದೆ.

"ಇಲ್ಲ ಮೇಡಂ. ಇದು ನನ್ನ ಕೆಲಸ."

ಅಪ್ಪ ಬಾಗಿಲಲ್ಲಿದ್ದರು. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ವಿಭೂತಿ. ಆಫೀಸಿನ ಕಾಲದ ಇಂಗ್ಲಿಷಿನಲ್ಲಿ ನಿಧಾನವಾಗಿ ಮಾತಾಡಿದರು. "ಮನೆ ಮಾರಿದ ಆ ಮುದುಕಿಯ ತಪ್ಪಲ್ಲ. ನನ್ನ ಮಗಳಿಗೂ ಗೊತ್ತಿರಲಿಲ್ಲ. ಕೇಸು ಹಾಕುವುದಿದ್ದರೆ ನನ್ನ ಮೇಲೆ ಹಾಕಿ."

ಅಧಿಕಾರಿ ಶಾಂತವಾಗಿ, ಯಾಕೆ ಮಾಡಿದಿರಿ ಎಂದು ಕೇಳಿದರು.

"ನನ್ನ ಮೊಮ್ಮಗಳು ಇಲ್ಲಿ ಮಲಗುತ್ತಾಳೆ. ನಮ್ಮ ಕಡೆ ಮಳೆಗೆ ನೆನೆದ ಮಣ್ಣಿನ ಗೋಡೆ ಮಲಗಿದವರ ಮೇಲೆ ಬೀಳುತ್ತದೆ. ಬಿದ್ದ ಮೇಲೆ ಪಂಚನಾಮೆಗೆ ಹೋಗುತ್ತಿದ್ದವನು ನಾನು. ಕೂಸುಗಳನ್ನು ಹೊರಗೆ ತೆಗೆಯುವುದನ್ನು ನೋಡಿದ್ದೇನೆ."

ಈ ಮಾತನ್ನು ಅವರು ನನ್ನೆದುರು ಯಾವತ್ತೂ ಆಡಿದವರಲ್ಲ. ಮಂದಿ ಬರುತ್ತಾರೆ ಎಂದಷ್ಟೇ ಹೇಳಿದ್ದರು, ನಾನು ಅದನ್ನೇ ನಂಬಿ ಬೈದಿದ್ದೆ.

ಅಧಿಕಾರಿ ಕುಕ್ಕರಗಾಲಲ್ಲಿ ಕೂತು ಕಂಬದ ಬುಡ ತೋರಿಸಿದರು. ಸಿಮೆಂಟು ತಾಗಿದ ಕಡೆ ಮರ ಆಗಲೇ ತೇವವಾಗಿತ್ತು. ಮಣ್ಣಿನ ಗೋಡೆ ನೀರು ಹೀರುತ್ತದೆ, ಬಿಸಿಲು ಬಂದಾಗ ಬಿಟ್ಟುಬಿಡುತ್ತದೆ ಎಂದರು. ಸಿಮೆಂಟು ಬಿಡುವುದಿಲ್ಲ, ಮಳೆಯ ನೀರೆಲ್ಲ ಕಂಬಕ್ಕೆ ಇಳಿಯುತ್ತದೆ. ಕಂಬ ಒಳಗೊಳಗೇ ಕೊಳೆತರೆ ಮನೆಯ ಈ ಮೂಲೆಯೇ ಕುಸಿಯುತ್ತದೆ. ಚಳಿಗಾಲಕ್ಕೆ ಮುಂಚೆ ಇದನ್ನು ತೆಗೆಸಿ, ಬಲ್ಲವರಿಂದ ಮಣ್ಣಿನ ಗೋಡೆಯನ್ನೇ ಕಟ್ಟಿಸಬೇಕು. ವರದಿ ಬರೆಯದೆ ಇರಲಾಗದು, ಆದರೆ ಕೇಸು ಬೇಡವೆಂದೇ ಬರೆಯುತ್ತೇನೆ ಎಂದರು.

ಗಂಡ ದೊಡ್ಡದಾಗಿ ಉಸಿರು ಬಿಟ್ಟರು. ನನ್ನ ಕಣ್ಣು ತುಂಬಿತು. ಅಪ್ಪನಿಗೆ ಕೊನೆಯ ಮಾತು ಕೇಳಿಸಿದಂತೆಯೇ ಕಾಣಲಿಲ್ಲ. ಕೇಸು ಹಾಕಿ ಎನ್ನುವಾಗ ನೆಟ್ಟಗೆ ನಿಂತಿದ್ದವರು ಈಗ ಕಂಬವನ್ನು ನೋಡುತ್ತಿದ್ದರು.

"ಕೂಸಿನ ಮಂಚ ಇಲ್ಲಿಂದ ಸರಸಬೇಕು" ಎಂದರು.

ಅಪ್ಪ ಕನ್ನಡದಲ್ಲಿ ಏನೆಂದರೆಂದು ಅಧಿಕಾರಿ ನನ್ನನ್ನು ಕೇಳಿ ತಿಳಿದುಕೊಂಡರು. ಅವಸರವಿಲ್ಲ, ಕೊಳೆಯಲು ಎಷ್ಟೋ ವರ್ಷ ಬೇಕು ಎಂದು ಸಮಾಧಾನ ಹೇಳಿದರು. ಅಪ್ಪ ಅಷ್ಟರಲ್ಲೇ ಬಗ್ಗಿ ಮಂಚದ ತಲೆಯ ಕಡೆ ಹಿಡಿದು ಎಳೆಯತೊಡಗಿದ್ದರು. ಭಾರದ ಮಂಚ, ಕದಲಲಿಲ್ಲ. "ಅಪ್ಪಾ, ತಡೀರಿ" ಎಂದು ನಾನು ಇನ್ನೊಂದು ತುದಿಯನ್ನು ಹಿಡಿದುಕೊಂಡೆ.